ಅಪೇಕ್ಷೆ, ಉಪೇಕ್ಷೆ ಮತ್ತು ಒಂದು ರೇಷನ್ ಕಾರ್ಡು

ಮಲಯಾಳದಲ್ಲಿ ‘ಅಪೇಕ್ಷ’ ಅಂದರೆ ಅರ್ಜಿ. ಕನ್ನಡದಲ್ಲಿ ಅಪೇಕ್ಷೆ ಅಂದರೆ ಆಸೆ. ಮಲಯಾಳದಲ್ಲಿ ‘ಉಪೇಕ್ಷಿಚ್ಚು’ ಅಂದರೆ ಬಿಟ್ಟುಹೋದ. ಕನ್ನಡದಲ್ಲಿ ಉಪೇಕ್ಷೆ ಅಂದರೆ ಕಡೆಗಣಿಸುವುದು, ಅಷ್ಟೇ. ಸರಕಾರಿ ಅರ್ಜಿ ತುಂಬಿಸಿಕೊಡುವ ಕಾಸರಗೋಡಿನ ಅಕ್ಷಯ ಕೇಂದ್ರಗಳಲ್ಲಿ ಈ ಎರಡು ಶಬ್ದಗಳು ದಿನಾ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ನೆರೆಕರೆಯವರಿಗೆ ಅರ್ಜಿ ತುಂಬಿಸಿಕೊಡಲು ನಾನು ಆಗಾಗ ಹೋಗುವುದುಂಟು. ಒಮ್ಮೆ ಹೀಗೇ ಒಬ್ಬಳ ಜೊತೆ ಕೂತಿದ್ದೆ. ಇಬ್ಬರು ಮಕ್ಕಳು, ಗಂಡ ಮನೆಗೆ ಬಾರದೆ ಮೂರು ವರ್ಷ. “ಗಂಡ ಉಪೇಕ್ಷೆ ಮಾಡಿದ್ದಾನಾ ಅಂತ ಕೇಳ್ತಾ ಇದೆ” ಎಂದೆ. “ಉಪೇಕ್ಷೆ ಮಾಡದ ಗಂಡ ಯಾರಿದ್ದಾರೆ?” ಎಂದು ಆಕೆ ನಕ್ಕಳು. ಕೌಂಟರಿನ ಹುಡುಗಿಯೂ ನಕ್ಕಳು. ನಗು ಮುಗಿದ ಮೇಲೆ ಟಿಕ್ ಹಾಕುವ ಜಾಗಕ್ಕೆ ಬಂದೆವು. ವಿಧವೆ, ವಿವಾಹಮೋಚಿತೆ, ಗಂಡ ಬಿಟ್ಟವಳು, ಅವಿವಾಹಿತ ಅಮ್ಮ. ಆಕೆ ಯಾವುದು? ಬಿಟ್ಟವಳು ಎಂದರೆ ಅದಕ್ಕೊಂದು ಕಾಗದ ಬೇಕು. ಬಿಟ್ಟುಹೋಗುವವನು ಕಾಗದ ಕೊಟ್ಟು ಹೋಗುತ್ತಾನಾ?

ಒಂಟಿಯಾಗಿ ಮಕ್ಕಳನ್ನು ಸಾಕುವವರ ಬಗ್ಗೆ ಮಾತು ಬಂದಾಗ ನಾವು “ಸರಕಾರ ಏನೂ ಕೊಡುವುದಿಲ್ಲ” ಎಂದು ಸುಮ್ನೆ ಹೇಳಿಬಿಡುತ್ತೇವೆ. ಕೇರಳದ ಮಟ್ಟಿಗೆ ಅದು ಸರಿಯಲ್ಲ. ಇಲ್ಲಿ ಯೋಜನೆಗಳು ಬೇಕಾದಷ್ಟಿವೆ. ನನ್ನ ತಕರಾರು ಬೇರೆ. ಇಲ್ಲಿನ ಯೋಜನೆಗಳು ಹೆಂಗಸು ಯಾವ ಪಂಗಡಕ್ಕೆ ಸೇರಿದವಳು ಎಂದು ಮೊದಲು ನೋಡುತ್ತವೆ. ಅವಳ ಮನೆಯಲ್ಲಿ ಯಾರಿದ್ದಾರೆ, ದುಡಿಯುವವರು ಯಾರು, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಆಮೇಲೆ ಕೇಳುತ್ತವೆ, ಅಥವಾ ಕೇಳುವುದೇ ಇಲ್ಲ.

ವಿಧವಾ ಪಿಂಚಣಿಯನ್ನೇ ನೋಡಿ. 2021ರಿಂದ ತಿಂಗಳಿಗೆ 1,600 ರೂಪಾಯಿ ಇತ್ತು. 2025ರ ನವೆಂಬರಿನಿಂದ 2,000 ಮಾಡಿದರು. ಗಂಡ ತೀರಿಹೋದವರಿಗೆ ಇದು ದೊಡ್ಡ ಆಸರೆಯೇ. ಆದರೆ ಗಂಡ ನಾಪತ್ತೆಯಾಗಿದ್ದರೆ ಏಳು ವರ್ಷ ಕಾಯಬೇಕು. ಏಳು ವರ್ಷ ಯಾರ ಕಿವಿಗೂ ಸುದ್ದಿ ಬೀಳದ ಮನುಷ್ಯ ಸತ್ತಿದ್ದಾನೆ ಎಂದು ತಿಳಿಯಬಹುದು ಎನ್ನುವ ಹಳೆಯ ಸಾಕ್ಷ್ಯ ಕಾನೂನಿನ ಲೆಕ್ಕ ಅದು. ಆಸ್ತಿ ವ್ಯಾಜ್ಯಕ್ಕೆ ಆ ಲೆಕ್ಕ ಸರಿಹೋಗಬಹುದು. ಒಂದನೇ ಕ್ಲಾಸಿನ ಮಗು ಏಳು ವರ್ಷದಲ್ಲಿ ಎಂಟನೇ ಕ್ಲಾಸಿಗೆ ಬಂದಿರುತ್ತದೆ. ಅಷ್ಟು ವರ್ಷದ ಪುಸ್ತಕ, ಬಟ್ಟೆ, ಜ್ವರದ ಮದ್ದು ಯಾವ ಲೆಕ್ಕದಲ್ಲಿ ಬರಬೇಕು?

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಗತಿ ಇದೆ. ಇಲ್ಲಿ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಹೆಚ್ಚಿನವರು ನಿಯತ್ತಾಗಿ ಹಣ ಕಳಿಸುತ್ತಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಕಳಿಸುವುದನ್ನು ನಿಲ್ಲಿಸಿದವರೂ ಇದ್ದಾರೆ. ಅಂಥವನು ಕಾನೂನಿನ ಕಣ್ಣಿಗೆ ಕಾಣೆಯಾದವನಲ್ಲ. ವಾಟ್ಸಾಪಿನಲ್ಲಿ ಹಸಿರು ಚುಕ್ಕೆ ಇಲ್ಲದಿದ್ದರೂ ಸ್ಟೇಟಸ್ ಹಾಕುತ್ತಲೇ ಇರುತ್ತಾನೆ. ಹೆಂಡತಿ ವಿಧವೆಯಲ್ಲ, ವಿಚ್ಛೇದಿತೆಯಲ್ಲ, ನಾಪತ್ತೆಯಾದವನ ಹೆಂಡತಿಯೂ ಅಲ್ಲ. ಊರಿನ ಬಾಯಲ್ಲಿ ಅವಳು ‘ಗಲ್ಫಿನವನ ಹೆಂಡತಿ’. ಅಂದರೆ ದುಡ್ಡಿರುವವಳು! ಜೀವನಾಂಶಕ್ಕೆ ಕೋರ್ಟಿಗೆ ಹೋಗಬಹುದು. ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಮು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಆ 125ರ ಹಕ್ಕು ಇದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಹಕ್ಕೇನೋ ಸರಿ. ಆದರೆ ಕಡಲಾಚೆ ಇರುವವನಿಗೆ ನೋಟಿಸು ಮುಟ್ಟಿಸುವುದರಲ್ಲೇ ವರ್ಷ ಉರುಳುತ್ತದೆ.

ಒಂದು ವಿಚಿತ್ರ ಹೇಳಲೇಬೇಕು. 60 ವರ್ಷದೊಳಗಿನ ವಿಧವೆ ತಾನು ಮರುಮದುವೆ ಆಗಿಲ್ಲ ಎಂಬ ಸರ್ಟಿಫಿಕೇಟನ್ನು ಪ್ರತಿವರ್ಷ ಕೊಡಬೇಕು. ಅದೇ ಸರಕಾರದ ‘ಮಾಂಗಲ್ಯ’ ಯೋಜನೆಯಲ್ಲಿ ಬಡ ವಿಧವೆ ಮರುಮದುವೆಯಾದರೆ 25,000 ರೂಪಾಯಿ ಸಹಾಯ ಸಿಗುತ್ತದೆ. ಮದುವೆಯಾದರೂ ಕಾಗದ ಕೊಡಿ, ಆಗದಿದ್ದರೂ ಕಾಗದ ಕೊಡಿ, ಎರಡಕ್ಕೂ ವಿಲ್ಲೇಜ್ ಆಫೀಸಿನ ಮೆಟ್ಟಿಲು ಹತ್ತಿ!

ಇನ್ನು ಮನೆಯ ವಿಷಯ. ನನಗೆ ಇದೇ ಎಲ್ಲದರ ಬುಡ ಎಂದು ಕಾಣುತ್ತದೆ.

ಬದಿಯಡ್ಕ ಕಡೆಯ ಒಬ್ಬಳು ತಾಯಿಯನ್ನು ಊಹಿಸಿಕೊಳ್ಳಿ. ಗಂಡನ ಮನೆ ಬಿಟ್ಟು ಇಬ್ಬರು ಮಕ್ಕಳ ಜೊತೆ ತವರಿಗೆ ಬಂದಿದ್ದಾಳೆ. ತವರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳು. ರೇಷನ್ ಕಾರ್ಡು ಒಂದೇ. 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಹಾಗಾಗಿ ಎಪ್ಪತ್ತರ ಅಜ್ಜಿ ಕಾಗದದಲ್ಲಿ ಗೃಹನಾಥೆ. ಇವಳು ಅಲ್ಲಿ ಬರೀ ‘ಮಗಳು’. ಅಣ್ಣನಿಗೆ ಒಂದು ಸಣ್ಣ ಕೆಲಸ ಇದ್ದು ಕಾರ್ಡು ಬಿಳಿ ಬಣ್ಣದ್ದಾಗಿದ್ದರೆ, ಅಂದರೆ ಬಿಪಿಎಲ್ ಅಲ್ಲದವರದ್ದಾಗಿದ್ದರೆ, ಮುಗಿಯಿತು. ಬಿಪಿಎಲ್ ಕೇಳುವ ಯಾವ ಯೋಜನೆಗೂ ಅವಳ ಮಕ್ಕಳು ಸೇರುವುದಿಲ್ಲ. ಅಣ್ಣನ ಸಂಬಳದಿಂದ ಅವಳ ಮಕ್ಕಳ ಫೀಸು ಹೋಗುತ್ತದೋ ಇಲ್ಲವೋ ಎಂದು ಕಾರ್ಡು ಕೇಳುವುದಿಲ್ಲ.

ಹಾಗಾದರೆ ಬೇರೆ ಕಾರ್ಡು ಮಾಡಿಸಿ ಎನ್ನುತ್ತಾರೆ. ಬೇರೆ ಕಾರ್ಡಿಗೆ ಬೇರೆ ವಾಸದ ದಾಖಲೆ ಬೇಕು. ಬೇರೆ ಮನೆ ಕಟ್ಟಿಕೊಳ್ಳೋಣ ಎಂದರೆ ‘ಲೈಫ್ ಮಿಷನ್’ ಇದೆ. ಕೇರಳದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮನೆ ಇಲ್ಲದವರಿಗೆ 4 ಲಕ್ಷ ರೂಪಾಯಿ ಕೊಡುತ್ತಾರೆ, ಆದಿವಾಸಿ ಕಾಲೊನಿಗಳಲ್ಲಿ 6 ಲಕ್ಷ. ಆದರೆ ಅಲ್ಲಿ ಕುಟುಂಬ ಅಂದರೆ ಏನು? ಒಂದು ರೇಷನ್ ಕಾರ್ಡು. 2020ರಲ್ಲಿ ಹೊಸ ಪಟ್ಟಿಗೆ ಅರ್ಜಿ ಕರೆದಾಗ ಆ ವರ್ಷದ ಜುಲೈ 1ಕ್ಕೆ ಮೊದಲೇ ಕಾರ್ಡು ಇರಬೇಕು ಎಂದಿದ್ದರು. ಕಾರ್ಡಿಗೊಂದೇ ಮನೆ. ಮನೆ ಬೇಕಾದರೆ ಕಾರ್ಡು ಬೇಕು, ಕಾರ್ಡು ಬೇಕಾದರೆ ಮನೆ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ಮೋಸವನ್ನು ತಡೆಯಲು ಇಂಥ ನಿಯಮ ಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಅರ್ಥವಿದೆ. ಒಂದೇ ಮನೆಯವರು ನಾಲ್ಕು ಕಾರ್ಡು ಮಾಡಿಸಿಕೊಂಡರೆ ನಿಜವಾಗಿ ಮನೆ ಇಲ್ಲದವನು ಹಿಂದೆ ಬೀಳುತ್ತಾನೆ. ಆದರೆ ಒಂಟಿ ತಾಯಿ ತವರಿಗೆ ಬರುವುದು ಮನೆ ಒಡೆದಾಗ. ಒಡೆಯುವ ತಾರೀಕನ್ನು ಅವಳು ಕಾರ್ಡಿನ ತಾರೀಕಿಗೆ ಹೊಂದಿಸಿಕೊಳ್ಳಲು ಆಗುವುದಿಲ್ಲ. ವಾರ್ಡಿನ ಮೆಂಬರ್, ಅಂಗನವಾಡಿ ಟೀಚರ್, ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಅಧ್ಯಕ್ಷೆ, ಈ ಮೂವರಿಗೆ ಊರಿನ ಪ್ರತಿ ಮನೆಯ ಒಲೆ ಎಷ್ಟು ಎಂದು ಗೊತ್ತು. ಅವರು ಮೂವರೂ ಸಹಿ ಹಾಕಿದರೆ, ಅದೇ ಮನೆ ನಂಬರಿನಲ್ಲಿ ತಾಯಿ ಮಕ್ಕಳಿಗೆ ಬೇರೆ ಕಾರ್ಡು ಕೊಡುವುದಕ್ಕೆ ಏನಡ್ಡಿ? ಈ ಒಂದು ಬದಲಾವಣೆಯಿಂದ ಪಿಂಚಣಿ, ಫೀಸು, ಮನೆ ಮೂರರ ಬಾಗಿಲೂ ಸ್ವಲ್ಪ ತೆರೆಯುತ್ತದೆ.

ತವರಿನ ಆಸರೆಗೂ ಖರ್ಚಿದೆ ಎಂಬುದು ಸರಕಾರಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ‘ಅಭಯಕಿರಣಂ’ ಎಂಬ ಯೋಜನೆಯಲ್ಲಿ, ದಿಕ್ಕಿಲ್ಲದ ವಿಧವೆಯನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಬಂಧುವಿಗೆ ತಿಂಗಳಿಗೆ 1,000 ರೂಪಾಯಿ ಕೊಡುತ್ತಾರೆ. ಎಷ್ಟು ಒಳ್ಳೆಯ ಯೋಚನೆ! ಆದರೆ ಆ ವಿಧವೆಗೆ 50 ದಾಟಿರಬೇಕು. ಮೂವತ್ತರ ತಾಯಿ ಇಬ್ಬರು ಮಕ್ಕಳ ಜೊತೆ ಬಂದು ಅಣ್ಣನ ಮನೆಯ ಹೊರಕೋಣೆಯಲ್ಲಿ ಮಲಗಿದರೆ ಆ ಅಣ್ಣನಿಗೆ ಸಿಗುವುದು ಅತ್ತಿಗೆಯ ಮುಖ ಮಾತ್ರ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ತುಳುನಾಡಿನ ಈ ತುದಿಯಲ್ಲಿ ಬಂಟರು, ಬಿಲ್ಲವರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ನಡೆಯುತ್ತಿತ್ತು. ಮಕ್ಕಳು ತಾಯಿಯ ಮನೆಗೆ ಸೇರಿದವರು. ಗಂಡ ತೀರಿಹೋದರೂ, ಬಿಟ್ಟುಹೋದರೂ ಹೆಣ್ಣಿಗೆ ತರವಾಡಿನಲ್ಲಿ, ಅಂದರೆ ತಾಯಿಯ ಕಡೆಯ ಮೂಲಮನೆಯಲ್ಲಿ, ಒಂದು ಕೋಣೆ, ಅಡುಗೆಮನೆಯಲ್ಲಿ ಒಂದು ಪಾಲು ಇದ್ದೇ ಇತ್ತು. ಅದು ದಯೆಯಲ್ಲ, ಹಕ್ಕು. ಇದನ್ನು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಹಿರಿಯ ಮಾವನ ಮಾತೇ ಅಲ್ಲಿ ಕೊನೆ, ಹೆಂಗಸರ ಕೈಯಲ್ಲಿ ಬೀಗದ ಕೈ ಇದ್ದರೂ ಹಣ ಇರುತ್ತಿರಲಿಲ್ಲ. ಆದರೂ ಒಂಟಿ ತಾಯಿಗೆ “ನಿನ್ನ ಮನೆ ಯಾವುದು” ಎಂದು ಯಾರೂ ಕೇಳುತ್ತಿರಲಿಲ್ಲ.

ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, 1949ರ ಅಳಿಯಸಂತಾನ ಕಾಯಿದೆ ಪಾಲು ಕೇಳುವ ದಾರಿ ಮಾಡಿತು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಬಂದೆವು. ಆಮೇಲೆ ಕೇರಳದ 1975ರ ಕಾಯಿದೆ ಹಿಂದೂ ಕೂಡು ಕುಟುಂಬವನ್ನೇ ರದ್ದು ಮಾಡಿತು. 1976ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂತು. ಒಬ್ಬೊಬ್ಬರಿಗೂ ಅವರವರ ಪಾಲು. ನ್ಯಾಯವೇ. ಆದರೆ ಹತ್ತು ಸೆಂಟ್ಸಿನ ಪಾಲನ್ನು ಮಾರಿ ಮದುವೆಗೆ ಬಂಗಾರ ಮಾಡಿದ ಮೇಲೆ ಹಿಂದಿರುಗಲು ಏನು ಉಳಿಯಿತು? ಕೆಲವು ತರವಾಡು ಮನೆಗಳು ಈಗಲೂ ಇವೆ. ವರ್ಷಕ್ಕೊಮ್ಮೆ ಬಾಗಿಲು ತೆರೆದು ಗುಡಿಸಿ, ದೈವಗಳಿಗೆ ತಂಬಿಲ ಕೊಟ್ಟು, ಮತ್ತೆ ಬೀಗ ಹಾಕುತ್ತಾರೆ. ಅಷ್ಟು ಕೋಣೆಗಳ ಮನೆಯಲ್ಲಿ ಕುಟುಂಬದ ಒಬ್ಬ ಮಗಳು ಮಕ್ಕಳೊಂದಿಗೆ ಇರುತ್ತೇನೆ ಎಂದರೆ ಮೂವತ್ತು ಜನ ಪಾಲುದಾರರು ಒಪ್ಪಬೇಕು. ದೈವ ಒಪ್ಪಿದರೂ ಪಾಲುದಾರರು ಒಪ್ಪುವುದು ಕಷ್ಟ.

ಬಾಡಿಗೆ ಮನೆಯ ಕತೆ ಎಲ್ಲ ಊರಿನದ್ದೇ. ಕುಂಬಳೆ, ಉಪ್ಪಳದಂಥ ಪೇಟೆಗಳಲ್ಲಿ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, “ಯಜಮಾನರು ಎಲ್ಲಿ” ಎಂಬುದು. ದುಡಿಯುವ ಮಹಿಳೆಯರ ಹಾಸ್ಟೆಲುಗಳಿಗೆ ಕೇಂದ್ರದ ‘ಸಖಿ ನಿವಾಸ್’ ಯೋಜನೆ ಇದೆ. ಅದರಲ್ಲಿ ತಾಯಿಯ ಜೊತೆ ಮಕ್ಕಳೂ ಇರಬಹುದು. ಹೆಣ್ಣುಮಕ್ಕಳು 18ರವರೆಗೆ, ಗಂಡುಮಕ್ಕಳು 12ರವರೆಗೆ. ಜೊತೆಗೆ ಶಿಶುಪಾಲನಾ ಕೇಂದ್ರವೂ ಇರಬೇಕು. ಇಂಥದ್ದು ದೊಡ್ಡ ನಗರಕ್ಕಿಂತ ಗಡಿಯ ಪೇಟೆಗೆ ಜಾಸ್ತಿ ಬೇಕು ಎಂದು ನನಗನಿಸುತ್ತದೆ. ಹೊಸಂಗಡಿಯಲ್ಲೋ ಮಂಜೇಶ್ವರದಲ್ಲೋ ಇದ್ದುಕೊಂಡು ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವ ಹೆಂಗಸರು ಎಷ್ಟೋ ಮಂದಿ.

ಆ ಹೆಂಗಸರ ಗಡಿಯಾರ ನೋಡಿ. ಮಂಗಳೂರಿನ ಬಟ್ಟೆ ಅಂಗಡಿ ಒಂಬತ್ತೂವರೆಗೆ ತೆರೆಯುತ್ತದೆ. ಅಂಗನವಾಡಿಯೂ ಒಂಬತ್ತೂವರೆಗೇ ತೆರೆಯುತ್ತದೆ. ಅಂಗನವಾಡಿ ಮೂರೂವರೆಗೆ ಮುಚ್ಚುತ್ತದೆ. ಶಾಲೆ ನಾಲ್ಕಕ್ಕೆ ಬಿಡುತ್ತದೆ. ಅಂಗಡಿ ಮುಚ್ಚಿ ಅವಳು ಬಸ್ಸು ಹತ್ತುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ಬೆಳಗಿನ ಎರಡು ಗಂಟೆ, ಸಂಜೆಯ ನಾಲ್ಕು ಗಂಟೆ ಮಗು ಯಾರ ಕೈಯಲ್ಲಿ? ಗಂಡ ಇರುವ ಮನೆಗಳಲ್ಲೂ ಅದನ್ನು ನೋಡುವುದು ಅಜ್ಜಿಯೇ. ಅಜ್ಜಿ ಇಲ್ಲದ ಒಂಟಿ ತಾಯಿ ಮಂಗಳೂರಿನ ಕೆಲಸ ಬಿಡುತ್ತಾಳೆ. ಬಿಟ್ಟು ಬೀಡಿ ಕಟ್ಟುತ್ತಾಳೆ, ಇಲ್ಲವೇ ಅಡಿಕೆ ಸುಲಿಯಲು ಹೋಗುತ್ತಾಳೆ. ಸಂಬಳ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆಮೇಲೆ ಬಾಡಿಗೆ ಕೊಡಲಾಗದೆ ತವರಿಗೆ ಹೋಗುತ್ತಾಳೆ. ಅಲ್ಲಿ ಅಣ್ಣನ ಕಾರ್ಡು ಕಾಯುತ್ತಿರುತ್ತದೆ. ಮನೆ, ಶಾಲೆ, ಮಗುವಿನ ಪಾಲನೆ ಮೂರಕ್ಕೂ ಮೂರು ಇಲಾಖೆಗಳಿವೆ. ಅವಳಿಗೆ ಮೂರೂ ಒಂದೇ ಹಗ್ಗದ ಎಳೆಗಳು.

ಬೀಡಿ ಮನೆಯಲ್ಲೇ ಕಟ್ಟುವ ಕೆಲಸ, ಮಗುವನ್ನೂ ನೋಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅವರು ಬೀಡಿ ಕಟ್ಟುವವರ ಮನೆಯೊಳಗೆ ಕೂತವರಲ್ಲ. ತೊಡೆಯ ಮೇಲೆ ತಡ್ಪೆ (ಮೊರ), ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ತೆವಳುವ ಮಗು ಮೊದಲು ಬರುವುದು ಆ ತಡ್ಪೆಗೇ. 1966ರ ಬೀಡಿ ಕಾರ್ಮಿಕರ ಕಾಯಿದೆಯಲ್ಲಿ ಶಿಶುಪಾಲನಾ ಕೋಣೆಯ ಮಾತಿತ್ತು. ಆದರೆ ಅದು ಹೆಂಗಸರು ಒಟ್ಟಾಗಿ ಕೂತು ಕೆಲಸ ಮಾಡುವ ಜಾಗಕ್ಕೆ. ಕೆಲಸ ಕಾರ್ಖಾನೆಯಿಂದ ಜಗಲಿಗೆ ಬಂದಾಗ ಆ ಕೋಣೆ ಕಾರ್ಖಾನೆಯಲ್ಲೇ ಉಳಿಯಿತು. 2017ರ ತಿದ್ದುಪಡಿಯ ಹೆರಿಗೆ ಸೌಲಭ್ಯ ಕಾನೂನಿನಲ್ಲೂ ಹೀಗೇ ಇತ್ತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ. ನಮ್ಮ ಪೇಟೆಗಳಲ್ಲಿ ಹದಿನೈದು ಜನ ಇರುವ ಅಂಗಡಿಯೇ ದೊಡ್ಡ ಅಂಗಡಿ.

ಉದ್ಯೋಗ ಖಾತ್ರಿ, ನಮ್ಮವರ ಬಾಯಲ್ಲಿ ತೊಳಿಲುರಪ್ಪು, ಅದರ 2005ರ ಕಾನೂನು ಇದನ್ನು ಸರಿಯಾಗಿ ಯೋಚಿಸಿತ್ತು. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಅದೇ ಕೂಲಿ ಎಂದಿತ್ತು. ಆದರೆ ಚರಂಡಿ ತೋಡುವ ಗುಡ್ಡೆಗೆ ಬಿಸಿಲಲ್ಲಿ ಮಗುವನ್ನು ಯಾರು ಕರೆತರುತ್ತಾರೆ? ನಾಲ್ಕೇ ಮಕ್ಕಳಾದರೆ ಏನು ಮಾಡುವುದು? ಗಡಿಯಾಚೆ ಕರ್ನಾಟಕ ಇದನ್ನು ಬೇರೆ ರೀತಿ ಮಾಡಿ ನೋಡಿತು. 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ ‘ಕೂಸಿನ ಮನೆ’ ಎಂದು ಘೋಷಿಸಿದರು. ಕೆಲಸದ ಜಾಗದಲ್ಲಿ ಅಲ್ಲ, ಊರೊಳಗಿನ ಒಂದು ಕಟ್ಟಡದಲ್ಲಿ. ಎಲ್ಲವೂ ಚೆನ್ನಾಗಿ ನಡೆಯುತ್ತಿವೆ ಎಂದು ನಾನು ಹೇಳಲಾರೆ. ಆದರೆ ಹೆಸರೇ ಎಷ್ಟು ಚೆಂದ! ಕೇಂದ್ರ ಸರಕಾರದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರ ಜೋಡಿಸಲು 2022ರಿಂದ ದಾರಿ ಇದೆ. ಆರು ತಿಂಗಳ ಕೂಸಿನಿಂದ ಆರು ವರ್ಷದ ಮಗುವಿನವರೆಗೆ, ದಿನಕ್ಕೆ ಏಳೂವರೆ ಗಂಟೆ.

ಏಳೂವರೆ ಗಂಟೆ ಎಂಟು ಗಂಟೆಯ ಕೆಲಸಕ್ಕೂ ಸಾಲದು ಎಂದು ಲೆಕ್ಕ ಬರೆದವರಿಗೆ ಹೊಳೆಯಲಿಲ್ಲವೇ? ಆದರೂ ಮೂರೂವರೆಗೆ ಬೀಗ ಹಾಕುವುದಕ್ಕಿಂತ ಮೇಲು. ಕಾಸರಗೋಡಿನ ಪ್ರತಿ ಪಂಚಾಯತಿನಲ್ಲಿ ಒಂದೇ ಒಂದು ಅಂಗನವಾಡಿ ಸಂಜೆ ಏಳರವರೆಗೆ ತೆರೆದಿರಲಿ, ಶಾಲೆ ಬಿಟ್ಟ ಸಣ್ಣ ಮಕ್ಕಳೂ ಅಲ್ಲಿಗೇ ಬರಲಿ. ಟೀಚರಿಗೆ ಈಗಲೇ ಕೆಲಸ ಜಾಸ್ತಿ, ಅವಳ ಬೆನ್ನಿಗೆ ಇದನ್ನೂ ಕಟ್ಟಬಾರದು. ಕುಟುಂಬಶ್ರೀಯ ಇಬ್ಬರಿಗೆ ಪಂಚಾಯತು ಸಂಬಳ ಕೊಟ್ಟರೆ ಅದೇ ಇನ್ನೆರಡು ಮನೆಗಳಿಗೆ ಕೆಲಸ. ನನ್ನ ಕೈಗೆ ಪಂಚಾಯತಿನ ಬಜೆಟ್ಟು ಸಿಕ್ಕಿದರೆ ಬಸ್ ಸ್ಟಾಪಿನ ಕಮಾನು ಕಟ್ಟುವ ಮೊದಲು ಇದನ್ನೇ ಮಾಡುತ್ತೇನೆ.

ಪಾಲನೆಯ ಮಾತು ಬಂದಾಗ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಕೆಲವು ಮನೆಗಳನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಗೇರು ತೋಟಗಳ ಮೇಲೆ ಬಿತ್ತು, 2000ದಲ್ಲಿ ನಿಂತಿತು. ಮಲಗಿದಲ್ಲೇ ಬೆಳೆದ ಮಕ್ಕಳು ಈಗ ಮೂವತ್ತರ ವಯಸ್ಸಿನವರು. ಅವರನ್ನು ಎತ್ತಿ, ಸ್ನಾನ ಮಾಡಿಸಿ, ಉಣ್ಣಿಸುವ ತಾಯಂದಿರಲ್ಲಿ ಒಂಟಿಯಾದವರನ್ನು ನಾವು ನೋಡಿದ್ದೇವೆ. ಕೆಲವರ ಗಂಡಂದಿರು ತೀರಿಹೋಗಿದ್ದಾರೆ, ಕೆಲವರು ಮಗುವಿನ ಸ್ಥಿತಿ ನೋಡಿ ಹೊರಟುಹೋಗಿದ್ದಾರೆ. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ಏನು ಗೊತ್ತಾ? 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಕೋರ್ಟು ಗದರಿದ ಮೇಲೆಯೇ ಉಳಿದವರ ಹಣ ಹೊರಟಿದ್ದು. ಆ ಹಣ ಬೇಕಿತ್ತು, ಸರಿ. ಆದರೆ ಈ ತಾಯಿಗೆ ಹಣದಷ್ಟೇ ಬೇಕಾದ್ದು ತಿಂಗಳಿಗೆ ನಾಲ್ಕು ದಿನ ಯಾರಾದರೂ ಬಂದು ಮಗುವಿನ ಪಕ್ಕ ಕೂರುವುದು. ಆಕೆ ತನ್ನದೇ ಹಲ್ಲುನೋವಿಗೆ ಆಸ್ಪತ್ರೆಗೆ ಹೋಗಬೇಕಲ್ಲ. ಆರೈಕೆ ಮಾಡುವವರಿಗೆ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಎಂದು ನಿಗದಿ ಮಾಡಿದ್ದರು. ದಿನಕ್ಕೆ ಇಪ್ಪತ್ತು ರೂಪಾಯಿ. ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗಳು ಹಗಲು ಸ್ವಲ್ಪ ಉಸಿರಾಡಲು ಬಿಡುತ್ತವೆ. ಮಗು ದೊಡ್ಡವನಾಗಿ, ತಾಯಿ ಮುದುಕಿಯಾಗಿ, ಎತ್ತಲು ಆಗದ ದಿನಕ್ಕೆ ಏನು ವ್ಯವಸ್ಥೆ ಎಂದು ಯಾವ ಯೋಜನೆಯೂ ಬಾಯಿಬಿಟ್ಟು ಹೇಳುವುದಿಲ್ಲ.

ವಿದ್ಯೆಯ ವಿಷಯದಲ್ಲಿ ಕೇರಳ ಪರವಾಗಿಲ್ಲ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಬಡ ಮಕ್ಕಳಿಗೆ ‘ಸ್ನೇಹಪೂರ್ವಂ’ ಇದೆ. ಐದನೇ ಕ್ಲಾಸಿನವರೆಗೆ ತಿಂಗಳಿಗೆ 300, ಹತ್ತರವರೆಗೆ 500, ಪ್ಲಸ್ ಟುವಿಗೆ 750, ಡಿಗ್ರಿಗೆ 1,000 ರೂಪಾಯಿ. ಅರ್ಜಿ ಶಾಲೆಯ ಹೆಡ್‌ಮಾಸ್ಟರ ಮೂಲಕವೇ ಹೋಗುತ್ತದೆ. ಹೆಂಗಸರೇ ಮನೆ ನಡೆಸುವ ಕುಟುಂಬಗಳ ಮಕ್ಕಳಿಗೆ ವರ್ಷಕ್ಕೆ 3,000ದಿಂದ ಶುರುವಾಗಿ ಡಿಗ್ರಿಗೆ 10,000ದವರೆಗೆ ಇನ್ನೊಂದು ಸಹಾಯ, ಮನೆಗೆ ಇಬ್ಬರು ಮಕ್ಕಳಿಗೆ. ಇದರಲ್ಲಿ ಒಂದು ಒಳ್ಳೆಯದಿದೆ. ಗಂಡ ಕಾಣೆಯಾಗಿ ಒಂದು ವರ್ಷ ಆಗಿದ್ದರೆ ಸಾಕು. ಪಿಂಚಣಿಗೆ ಏಳು ವರ್ಷ, ಫೀಸಿಗೆ ಒಂದು ವರ್ಷ! ಹಾಗಾದರೆ ಪಿಂಚಣಿಗೂ ಒಂದು ವರ್ಷ ಸಾಕು ಎನ್ನಲು ಏನಡ್ಡಿ? ವಿಧವೆಯರ ಮಕ್ಕಳು ಪ್ರೊಫೆಷನಲ್ ಕೋರ್ಸಿಗೆ ಸೇರಿದರೆ ‘ಪಡವುಗಳ್’ ಇದೆ. ಎಲ್ಲಕ್ಕಿಂತ ಜಾಸ್ತಿ ಹಣ ಕೇಂದ್ರದ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವದಲ್ಲಿದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯೋ, ವಿಚ್ಛೇದಿತೆಯೋ, ಮನೆಯವರು ಕೈಬಿಟ್ಟವಳೋ ಆಗಿದ್ದರೆ ಆದ್ಯತೆ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ದಾಟಿರಬಾರದು, ಪೇಟೆಯಲ್ಲಿ 96,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಪೆರ್ಲದ ಆಚೆಯವರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಇದರ ಹೆಸರನ್ನೇ ಕೇಳದ ತಾಯಂದಿರು ನನಗೆ ಸಿಕ್ಕಿದ್ದಾರೆ.

ಶಾಲೆಯಲ್ಲಿ ಇನ್ನೊಂದು ಕಿರಿಕಿರಿ ಇದೆ. “ಅಪ್ಪನ ಸಹಿ ಎಲ್ಲಿ?” ನನ್ನ ಹತ್ತಿರದ ಸಂಬಂಧದಲ್ಲೇ ಒಬ್ಬಳು ಮಗನ ಅರ್ಜಿ ಹಿಡಿದು ಇದೇ ಪ್ರಶ್ನೆಗೆ ಮೂರು ಸಲ ವಾಪಸು ಬಂದಿದ್ದಾಳೆ. ಈ ಪ್ರಶ್ನೆಗೆ ಕಾನೂನಿನ ಬೆಂಬಲ ಇಲ್ಲ. ತಂದೆ ಮಗುವಿನ ಹೊಣೆ ಹೊರದೆ ಇದ್ದಾಗ ತಾಯಿಯೇ ಸಹಜ ಪೋಷಕಿ ಆಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳಬೇಕಾಗಿಲ್ಲ ಎಂದು 2015ರಲ್ಲಿ ಹೇಳಿತು. ಪಾಸ್‌ಪೋರ್ಟಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರಿನಲ್ಲಿ ನಿಯಮ ಬಂತು. ಜನನ ಪತ್ರ, ಗುರುತಿನ ಚೀಟಿಯಲ್ಲಿ ತಾಯಿಯ ಹೆಸರು ಮಾತ್ರ ಇದ್ದರೆ ಸಾಕು ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು. ಅವಿವಾಹಿತ ತಾಯಿಯ ಮಗನ ಪ್ರಕರಣ ಅದು. ತೀರ್ಪಿನಲ್ಲಿ ಕರ್ಣನ ಹೆಸರೂ ಬಂದಿತ್ತು. ಯಕ್ಷಗಾನ ನೋಡುವ ಊರಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇಷ್ಟೆಲ್ಲ ಆದರೂ ಅರ್ಜಿಯ ನಮೂನೆಯಲ್ಲಿ ಅಪ್ಪನ ಹೆಸರಿನ ಗೆರೆ ಹಾಗೇ ಇದೆ. ಕ್ಲರ್ಕು ಗೆರೆ ನೋಡುತ್ತಾನೆ, ತೀರ್ಪು ನೋಡುವುದಿಲ್ಲ.

ಗಂಡಸರ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಯೋಜನೆಗಳಲ್ಲೂ ಅದು ಚಿಕ್ಕದೇ. ಹೆಂಡತಿ ತೀರಿಹೋದ ಕೂಲಿಯವನಿಗೆ ಪಿಂಚಣಿ ಇಲ್ಲ. ಅವನ ಮಕ್ಕಳಿಗೆ ಸ್ನೇಹಪೂರ್ವಂ ಸಿಗುತ್ತದೆ, ಅಷ್ಟೇ. ಕೇಂದ್ರ ಸರಕಾರ 2018ರಲ್ಲಿ ಒಂಟಿ ತಂದೆಯರಿಗೂ 730 ದಿನಗಳ ಮಕ್ಕಳ ಪಾಲನಾ ರಜೆ ಕೊಟ್ಟಿತು. ಅದು ಸರಕಾರಿ ನೌಕರನಿಗೆ. ತೆಂಗಿನ ಮರ ಹತ್ತುವವನಿಗೆ ಯಾರು ರಜೆ ಕೊಡುತ್ತಾರೆ? ಊರಿನವರು ಅವನಿಗೆ ಒಂದೇ ಪರಿಹಾರ ಹೇಳುತ್ತಾರೆ, ಇನ್ನೊಂದು ಮದುವೆ.

ಇನ್ನು ನಮ್ಮ ಗಡಿ. ಪುತ್ತೂರು, ಸುಳ್ಯ, ಬಂಟ್ವಾಳಕ್ಕೂ ನಮಗೂ ಹೆಣ್ಣು ಕೊಟ್ಟು ತರುವ ಸಂಬಂಧ ರಾಜ್ಯಗಳಿಗಿಂತ ಹಳೆಯದು. ವಿಟ್ಲಕ್ಕೆ ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು ಪೆರ್ಲಕ್ಕೆ ಮರಳಿದರೆ ಆಧಾರ್, ರೇಷನ್ ಕಾರ್ಡು, ವೋಟು ಎಲ್ಲ ಅಲ್ಲೇ. ಅಲ್ಲಿದ್ದಾಗ ಗೃಹಲಕ್ಷ್ಮಿಯ 2,000 ಬರುತ್ತಿತ್ತು, ಬಸ್ಸಿಗೆ ಶಕ್ತಿ ಯೋಜನೆ ಇತ್ತು. ವಿಳಾಸ ಬದಲಿಸಿದ ದಿನ ಅಲ್ಲಿನದು ನಿಲ್ಲುತ್ತದೆ. ಇಲ್ಲಿನದು ಶುರುವಾಗಲು ಮೊದಲಿನಿಂದ ಎಲ್ಲ ಕಾಗದ ಬೇಕು. ಒಂದು ದೇಶ ಒಂದು ರೇಷನ್ ಕಾರ್ಡು ಎಂಬುದು ಅಕ್ಕಿಗೆ ಮಾತ್ರ. ಹೀಗಾಗಿ ಕೆಲವರು ಮಕ್ಕಳನ್ನು ಇಲ್ಲಿ ಶಾಲೆಗೆ ಸೇರಿಸಿ ಕಾರ್ಡನ್ನು ಅಲ್ಲೇ ಬಿಡುತ್ತಾರೆ. ಎರಡು ದೋಣಿಯಲ್ಲಿ ಕಾಲು. ಸರಕಾರಗಳು ಮೋಸ ಎನ್ನಬಹುದು. ನಾನು ಎನ್ನಲಾರೆ.

ಭಾಷೆಯ ಹಕ್ಕಿನ ಮಾತು ಇಲ್ಲಿಗೇ ಸೇರುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುತ್ತದೆ. ಅದನ್ನು ನಂಬಿ ಆ ಅಕ್ಷಯ ಕೇಂದ್ರದ ತಾಯಿಗೆ ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ. ಗಂಡ ಮೂರು ವರ್ಷದಿಂದ ಇಲ್ಲ, ಹಣ ಕಳಿಸುವುದಿಲ್ಲ, ಮೆಂಬರಿನ ಸಹಿ ಇದೆ, ಅಂಗನವಾಡಿ ಟೀಚರಿನ ಸಹಿ ಇದೆ. ಎರಡು ತಿಂಗಳಾದ ಮೇಲೆ ಉತ್ತರ ಬಂತು, ಮಲಯಾಳದಲ್ಲಿ. ಆಕೆಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಊರಲ್ಲಿರಲಿಲ್ಲ. ಕನ್ನಡ ಶಾಲೆಯಲ್ಲಿ ಆರನೇ ಕ್ಲಾಸಿನಲ್ಲಿರುವ ಮಗ, 2017ರ ಕಾನೂನಿನಿಂದ ಶಾಲೆಯಲ್ಲಿ ಮಲಯಾಳವನ್ನೂ ಕಲಿಯುತ್ತಿದ್ದಾನೆ. ಜಗಲಿಯಲ್ಲಿ ಕೂತು ಅಕ್ಷರ ಅಕ್ಷರ ಕೂಡಿಸಿ ಅವನೇ ಓದಿದ. ಅಪ್ಪ ಉಪೇಕ್ಷಿಸಿದ್ದಾನೆ ಎಂಬುದಕ್ಕೆ ಇನ್ನೊಂದು ದಾಖಲೆ ಕೊಡಬೇಕಂತೆ. “ಅಮ್ಮಾ, ಯಾವ ದಾಖಲೆ?” ಎಂದು ಕೇಳಿದನಂತೆ.